ಒಬ್ಬರೇ ಹಲವರು

ಬೇಡಕಿಹಾಳದಲ್ಲಿ ಕನ್ನಡ, ಮರಾಠಿ ಎರಡೂ ಆಡುಮಾತು. 'ಅಪ್ಪ ಬಂದರು' ಎಂದರೂ 'ಬಾಬಾ ಆಲೇ' ಎಂದರೂ ಬಂದವರು ಒಬ್ಬರೇ. ಕ್ರಿಯಾಪದ ಮಾತ್ರ ಹಲವರದು. 1853ರಲ್ಲಿ ಭಾರತಕ್ಕೆ ಬಂದು, 1903ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಜರ್ಮನ್ ಪಾದ್ರಿ ಕಿಟ್ಟೆಲರಿಗೆ ಇದು ತೀರ ಹೊಸತೆನಿಸಿರಲಾರದು. 'ಅವರು' ಎಂಬ ಅರ್ಥದ 'ಸೀ' ಜರ್ಮನ್ನಿನಲ್ಲಿ ಎದುರಿಗಿರುವ ಒಬ್ಬರಿಗೂ ಸಲ್ಲುವ ಗೌರವ.

ತೊಡಕಿರುವುದು ಮುಂದೆ. ಒಬ್ಬ ದೇವರೇ ಬಹುವಚನದಲ್ಲಿದ್ದರೆ ಹಲವರನ್ನು ಹೇಳುವುದೆಂತು? 'ದೇವರುಗಳು' ಎನ್ನುತ್ತೇವೆ. ಬಹುವಚನದ ಮೇಲೆ ಬಹುವಚನವೆಂದು ಮೂಗು ಮುರಿಯುವವರುಂಟು. ನಾನು ಆ ಪಂಗಡದವನಲ್ಲ. ಗೌರವಕ್ಕೆ ಒಂದು ಪ್ರತ್ಯಯ ವೆಚ್ಚವಾದ ಮೇಲೆ ಲೆಕ್ಕಕ್ಕೆ ಇನ್ನೊಂದು ಬೇಡವೆ? ಗೌರವದ ಹಂಗಿಲ್ಲದ ಇಂಗ್ಲಿಷಿನ 'ಚಿಲ್ಡ್ರನ್' ಕೂಡ ಇಮ್ಮಡಿಯೇ: ಹಳೆಯ 'ಚಿಲ್ಡ್ರು' ಆಗಲೇ ಬಹುವಚನ, ಅದರ ಮೇಲೆ 'ಎನ್' ಬಂದು ಕೂತಿತು. ಜರ್ಮನ್ನಿನ 'ಕಿಂಡರ್' ಮಾತ್ರ ಒಂದೇ ಪ್ರತ್ಯಯದಲ್ಲಿ ನಿಂತಿದೆ.