ಬರ್ಮಾ ಬಜಾರಿನಿಂದ ಮೊಬೈಲ್ ಬಜಾರಿಗೆ

ಚೆನ್ನೈಯ ಪ್ಯಾರಿಸ್ ಕಾರ್ನರ್ ಬಳಿಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಅಲ್ಲಿಂದ ನಾಲ್ಕು ಹೆಜ್ಜೆಗೆ ಬರ್ಮಾ ಬಜಾರ್. ಆ ಪೇಟೆ ಹುಟ್ಟಿದ್ದು ನಿರಾಶ್ರಿತರ ಹೊಟ್ಟೆಪಾಡಿಗೆ. 1962ರಲ್ಲಿ ಬರ್ಮಾದಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದ. ಮುಂದೆ ಅಲ್ಲಿಯ ವ್ಯಾಪಾರವೆಲ್ಲ ರಾಷ್ಟ್ರೀಕರಣವಾಗಿ, ತಲೆಮಾರುಗಳಿಂದ ಅಂಗಡಿ ಇಟ್ಟುಕೊಂಡಿದ್ದ ತಮಿಳರು ಬರಿಗೈಯಲ್ಲಿ ಮದ್ರಾಸಿಗೆ ಬಂದಿಳಿದರು. ಅವರಿಗಾಗಿ 1969ರಲ್ಲಿ ಬೀಚ್ ಸ್ಟೇಷನ್ ಹತ್ತಿರ, ಇಂದಿನ ರಾಜಾಜಿ ಸಾಲೈ ಉದ್ದಕ್ಕೆ ಸಾಲು ಅಂಗಡಿಗಳು ಎದ್ದವು.

ಆಮದಿಗೆ ಬಿಗಿ ಕಡಿವಾಣವಿದ್ದ ಕಾಲವದು. ಹಡಗಿನವರು ತಂದ ಟೇಪ್ ರೆಕಾರ್ಡರ್, ಸೆಂಟು, ಕೈಗಡಿಯಾರ ಅಲ್ಲಿ ‘ಫಾರಿನ್ ಮಾಲು’ ಎಂದು ಕೈ ಬದಲಾಗುತ್ತಿದ್ದವು; ಕಸ್ಟಮ್ಸ್ ಹೌಸ್ ಇರುವುದೂ ಅದೇ ರಸ್ತೆಯಲ್ಲಿ. ಊರಿನಿಂದ ಬಂದ ನೆಂಟರು ಮರೀನಾ ನೋಡಿದ ಮೇಲೆ ಕೇಳುತ್ತಿದ್ದದ್ದು ಬರ್ಮಾ ಬಜಾರನ್ನೇ. ಬಿಲ್ ಇಲ್ಲ, ಗ್ಯಾರಂಟಿ ಇಲ್ಲ. ಆದರೂ ಮಾರುವವನ ಮುಖ ಎದುರಿಗಿತ್ತು. ರೇಡಿಯೋ ಹಾಡಿಸಿ ನೋಡಿಯೇ ದುಡ್ಡು ಕೊಡಬಹುದಿತ್ತು.

1991ರ ಉದಾರೀಕರಣದ ನಂತರ ಅಸಲಿ ವಿದೇಶಿ ಸರಕು ಎಲ್ಲ ಅಂಗಡಿಗೂ ಬಂತು. ಬಜಾರಿನಲ್ಲಿ ಕದ್ದು ಮುದ್ರಿಸಿದ ಸಿನಿಮಾ ಸಿಡಿಗಳು ತುಂಬಿಕೊಂಡವು. 2004ರಲ್ಲಿ ತಮಿಳುನಾಡು ಸರ್ಕಾರ 1982ರ ಗೂಂಡಾ ಕಾಯ್ದೆಯೊಳಕ್ಕೆ ವಿಡಿಯೋ ಪೈರಸಿಯವರನ್ನೂ ಸೇರಿಸಿತು: ವಿಚಾರಣೆಯಿಲ್ಲದೆ ಒಂದು ವರ್ಷದವರೆಗೂ ಬಂಧನ. ನಕಲು ತಯಾರಿಸಿದವನು ಎಲ್ಲೋ ಇರುತ್ತಾನೆ. ಪೊಲೀಸರ ಕೈಗೆ ಮೊದಲು ಸಿಗುವವನು ಮಾರುವವನು.

ಇಂದು ಆ ಬಜಾರು ಮೊಬೈಲಿನೊಳಗಿದೆ. ನಮ್ಮ ಬೀದಿಯ ಹುಡುಗರು ‘ಫಸ್ಟ್ ಕಾಪಿ’ ಎನ್ನುವ ನಕಲಿ ಬ್ರ್ಯಾಂಡಿನ ಶೂ, ಚಾರ್ಜರ್‌ಗಳನ್ನು ಸಗಟಿನಲ್ಲಿ ಕೊಂಡು ಆನ್‌ಲೈನ್‌ಗೆ ಹಾಕುತ್ತಾರೆ. ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ ಅವರದು. ಆದರೆ ಫುಟ್‌ಪಾತಿನಲ್ಲಿ ಮಾರಿದ್ದಕ್ಕೆ ದಾಖಲೆಯಿರಲಿಲ್ಲ. ಇಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಸರಕು ಎತ್ತಿದ ವಿಳಾಸ, ಪ್ರತಿಯೊಂದು ಆರ್ಡರಿನ ಲೆಕ್ಕ ಎಲ್ಲವೂ ಉಳಿಯುತ್ತವೆ. ಲೆಕ್ಕ ಬರೆದವನಾಗಿ ಹೇಳುತ್ತೇನೆ, ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಸುಳ್ಳು ಗುರುತಿನ ಸರಕು ಮಾರಿದವನಿಗೆ 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಮತ್ತೆ ಅದೇ ತಪ್ಪು ಮಾಡಿದರೆ ಸೆರೆ ಒಂದು ವರ್ಷದಿಂದ ಶುರು. ‘ನನಗೆ ಗೊತ್ತಿರಲಿಲ್ಲ’ ಎಂದರೆ ಸಾಲದು. ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸಬೇಕು, ಸರಕು ಕೊಟ್ಟವನು ಯಾರೆಂದು ಕೇಳಿದಾಗ ಹೇಳಬೇಕು. ಬಿಲ್ಲಿಲ್ಲದೆ ಕೊಂಡವನು ಏನು ತೋರಿಸಿಯಾನು?

ಈ ಮಾತು ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ನಮ್ಮ ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಮೈಸೂರು ಸ್ಯಾಂಡಲ್ ಸೋಪು ಇವುಗಳ ಹೆಸರನ್ನು ಕಾಯುವ ಭೌಗೋಳಿಕ ಸೂಚಕ ನೋಂದಣಿ ಕಚೇರಿ ಇರುವುದು ಇದೇ ಚೆನ್ನೈಯ ಗಿಂಡಿಯಲ್ಲಿ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪಿನ ತಯಾರಿಕೆಯೇ ಪತ್ತೆಯಾಯಿತು. ಅಂಥ ಪ್ರತಿಯೊಂದು ಸೋಪೂ ನಮ್ಮವರ ದುಡಿಮೆಯಿಂದ ಕಿತ್ತುಕೊಂಡದ್ದು.

ಮಾರಾಟಕ್ಕೆ ಇಳಿಯುವ ಹುಡುಗರಲ್ಲಿ ನನ್ನ ಬಿನ್ನಹ ಇಷ್ಟು: ಸರಕು ಕೊಡುವವನಿಂದ ಮೊದಲು ಬಿಲ್ ಕೇಳಿ, ಆ ಬ್ರ್ಯಾಂಡಿನ ಸರಕು ಮಾರಲು ಅವನಿಗೆ ಅಧಿಕಾರ ಇದೆಯೇ ಎಂದು ಕೇಳಿ. ಉತ್ತರ ತಡವರಿಸಿದರೆ ಲಾಭ ಎಷ್ಟೇ ಇರಲಿ, ಆ ಸರಕು ಮುಟ್ಟಬೇಡಿ.