ಕಲ್ಲಿದ್ದಲ ಊರುಗಳ ಬ್ಯಾಸ್ಕೆಟ್‌ಬಾಲ್ ಲೀಗ್

ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಊರಿನ ಇತಿಹಾಸ ಬರೆಯಲೋ ಶಾಲೆಯ ಇತಿಹಾಸ ಬರೆಯಲೋ ಎಂದು ಯೋಚಿಸಿದೆ. ಅವೆರಡನ್ನೂ ನನಗಿಂತ ಚೆನ್ನಾಗಿ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ನಾನು ಈ ಶಾಲೆಯಲ್ಲಿ ಮೂರು ವರ್ಷ ಓದಿ, ಮುಂದೆ ಇಲ್ಲಿಯೇ ಹನ್ನೆರಡು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು. ಆದರೂ ನನ್ನ ನೆನಪೆಲ್ಲ ಉಳಿದಿರುವುದು ತರಗತಿಯಲ್ಲಲ್ಲ, ಬೇವಿನ ಮರದ ಪಕ್ಕದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ. ಆದ್ದರಿಂದ ಆ ಆಟದ ಚರಿತ್ರೆಯಲ್ಲಿ ಹೆಚ್ಚು ಜನ ಓದದ ಒಂದು ಅಧ್ಯಾಯವನ್ನು ಹೇಳುತ್ತೇನೆ. ಅದು ನಡೆದದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗಣಿ ಊರುಗಳಲ್ಲಿ. ಗಣಿ ಊರು ಎಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಹಪಾಠಿಗಳಲ್ಲಿ ಎಷ್ಟೋ ಜನರ ತಂದೆಯವರು ಕೆ.ಜಿ.ಎಫ್. ಗಣಿಯ ಪಾಳಿಗೆ ಹೋಗಿ ಬರುತ್ತಿದ್ದವರೇ.

ನಿವೃತ್ತನಾದ ಮೇಲೆ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಭಾನುವಾರ ಅಳಿಯಂದಿರು ಸ್ಕ್ರಾಂಟನ್ ಎಂಬ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಹಳೆಯ ಕಲ್ಲಿದ್ದಲ ಗಣಿಯೊಂದನ್ನು ಪ್ರವಾಸಿಗರಿಗೆಂದು ತೆರೆದಿಟ್ಟಿದ್ದಾರೆ. ಬಂಡಿಯಲ್ಲಿ ಕೂರಿಸಿ 300 ಅಡಿ ಕೆಳಗಿಳಿಸುತ್ತಾರೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂದವರ ಸೀಮೆಯವನು ನಾನು. ಮರ್ಯಾದೆಗೆ ತಲೆಯಾಡಿಸಿ ಸುಮ್ಮನಾದೆ. ಮೇಲೆ ಬಂದಾಗ ನನಗಿಂತ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ನಾನೂ ಹಿಂದೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆನೆಂದು ತಿಳಿದು, "ನಮ್ಮೂರಿಗೂ ಒಂದು ಟೀಮ್ ಇತ್ತು, ಅದರ ಹೆಸರೇ ಮೈನರ್ಸ್" ಎಂದರು. ಮೈನರ್ಸ್ ಎಂದರೆ ಗಣಿ ಕಾರ್ಮಿಕರು. ನನ್ನ ಹುಡುಕಾಟ ಶುರುವಾದದ್ದು ಅಲ್ಲಿಂದ.

1946ರ ಏಪ್ರಿಲ್ 23ರಂದು ಈಸ್ಟರ್ನ್ ಪೆನ್ಸಿಲ್ವೇನಿಯಾ ಬ್ಯಾಸ್ಕೆಟ್‌ಬಾಲ್ ಲೀಗ್ ಸ್ಥಾಪನೆಯಾಯಿತು. ಮೊದಲ ವರ್ಷ ಆರು ತಂಡ. ವಿಲ್ಕ್ಸ್-ಬ್ಯಾರಿ, ಹೇಜಲ್ಟನ್, ಅಲೆನ್‌ಟೌನ್, ಲ್ಯಾಂಕಾಸ್ಟರ್, ರೆಡಿಂಗ್ ಈ ಐದು ಪೆನ್ಸಿಲ್ವೇನಿಯಾದವು. ಆರನೆಯದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್, ಅದೂ ಹಂಗಾಮಿನ ನಡುವೆಯೇ ಪೆನ್ಸಿಲ್ವೇನಿಯಾದ ಪಾಟ್ಸ್‌ವಿಲ್‌ಗೆ ಬಂದು ಸೇರಿತು. ಇಂದು ಜಗತ್ತೆಲ್ಲ ನೋಡುವ ಎನ್‌ಬಿಎ ತನ್ನ ಹುಟ್ಟುಹಬ್ಬವೆಂದು ಲೆಕ್ಕ ಹಾಕುವುದು ಅದೇ ವರ್ಷದ ಜೂನ್ 6ನ್ನು. ಅಂದರೆ ಈ ಪುಟ್ಟ ಲೀಗ್ ಅದಕ್ಕಿಂತ ಆರು ವಾರ ದೊಡ್ಡದು. ವಯಸ್ಸಿನಲ್ಲಿ ಅಣ್ಣ, ಅಂತಸ್ತಿನಲ್ಲಿ ತಮ್ಮ.

ಪಂದ್ಯಗಳು ನಡೆಯುತ್ತಿದ್ದದ್ದು ಹೆಚ್ಚಾಗಿ ಶನಿವಾರ, ಭಾನುವಾರ. ಆಟಗಾರರಿಗೆ ಉಳಿದ ದಿನ ಬೇರೆ ಉದ್ಯೋಗವಿತ್ತು. ಅವರಲ್ಲಿ ಶಾಲಾ ಮೇಷ್ಟ್ರುಗಳೂ ಇದ್ದರು. ನ್ಯೂಯಾರ್ಕ್, ಫಿಲಡೆಲ್ಫಿಯಾ ಕಡೆಯವರು ನಾಲ್ಕೈದು ಜನ ಸೇರಿ ಒಂದೇ ಕಾರಿನಲ್ಲಿ, ಚಳಿಗಾಲದ ಹಿಮದಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದರು. ಪಂದ್ಯಕ್ಕೆ ಇಷ್ಟು ಎಂದು ಹಣ ಕೈಗೆ ಬರುತ್ತಿತ್ತು. ರಾತ್ರಿಯೇ ವಾಪಸು, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರು. ನೆಂಟರ ಮದುವೆ ಮುಗಿಸಿ ರಾತ್ರಿ ಬಸ್ಸು ಹಿಡಿದು ಬಂದು ಪ್ರಾರ್ಥನೆಯ ಹೊತ್ತಿಗೆ ಶಾಲೆ ಮುಟ್ಟಿದ ಮೇಷ್ಟ್ರುಗಳಿಗೆ ಅದರ ಕಷ್ಟ ಗೊತ್ತು.

ಇಷ್ಟು ಕಷ್ಟಪಟ್ಟು ಬರುತ್ತಿದ್ದವರು ಎರಡನೇ ದರ್ಜೆಯ ಆಟಗಾರರೇ? ಅಲ್ಲ. 1955ರಿಂದ 1961ರವರೆಗೆ ಎನ್‌ಬಿಎಯಲ್ಲಿ ಇದ್ದದ್ದು ಎಂಟೇ ತಂಡ. ಎಲ್ಲ ಸೇರಿದರೂ ನೂರು ಜನಕ್ಕೆ ಜಾಗವಿಲ್ಲ. ಅದರಲ್ಲಿಯೂ ಕಪ್ಪು ಜನಾಂಗದ ಆಟಗಾರರಿಗೆ 1950ರವರೆಗೆ ಬಾಗಿಲೇ ತೆರೆದಿರಲಿಲ್ಲ. ತೆರೆದ ಮೇಲೂ ಒಂದು ತಂಡಕ್ಕೆ ಇಷ್ಟೇ ಜನ ಎಂಬ ಬರೆಯದ ಕಟ್ಟಳೆ ಬಹಳ ಕಾಲ ಇತ್ತು. ಗಣಿ ಊರಿನ ಲೀಗ್ ಅವರನ್ನು ಮೊದಲ ವರ್ಷವೇ ಆಡಿಸಿತು. 1946-47ರ ಹೇಜಲ್ಟನ್ ತಂಡದಲ್ಲಿ ಬಿಲ್ ಬ್ರೌನ್, ಜ್ಯಾಕ್ ಕ್ಲೇಟನ್, ಜಾನ್ ಐಸಾಕ್ಸ್ ಎಂಬ ಮೂವರು ಕಪ್ಪು ಆಟಗಾರರಿದ್ದರು. ಇವರಲ್ಲಿ ಕ್ಲೇಟನ್ ಮುಂದೆ ಬಾಕ್ಸಿಂಗ್ ರೆಫರಿ ಆದರು. 1974ರಲ್ಲಿ ಆಫ್ರಿಕಾದ ಜೈರ್ ದೇಶದಲ್ಲಿ ಮಹಮ್ಮದ್ ಅಲಿ ಜಾರ್ಜ್ ಫೋರ್‌ಮನ್‌ರನ್ನು ಕೆಡವಿದ ಪಂದ್ಯದಲ್ಲಿ ಹತ್ತು ಎಣಿಸಿದವರು ಅವರೇ.

1955-56ರಲ್ಲಿ ಅದೇ ಹೇಜಲ್ಟನ್ ಇನ್ನೊಂದು ಹೆಜ್ಜೆ ಇಟ್ಟಿತು. ಪಂದ್ಯ ಶುರುಮಾಡುವ ಐವರೂ ಕಪ್ಪು ಆಟಗಾರರು: ಟಾಮ್ ಹೆಮನ್ಸ್, ಜೆಸ್ಸಿ ಆರ್ನೆಲ್, ಫ್ಲೆಚರ್ ಜಾನ್ಸನ್, ಶೆರ್ಮನ್ ವೈಟ್, ಫ್ಲಾಯ್ಡ್ ಲೇನ್. ಬಿಳಿಯರೂ ಕರಿಯರೂ ಕೂಡಿ ಆಡುವ ವೃತ್ತಿಪರ ಲೀಗಿನಲ್ಲಿ ಹಾಗೆ ಆದದ್ದು ಅದೇ ಮೊದಲು.

ಈ ಪಟ್ಟಿಯ ಕೊನೆಯ ಎರಡು ಹೆಸರುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ಶೆರ್ಮನ್ ವೈಟ್ 1951ರಲ್ಲಿ ಅಮೆರಿಕದ ಕಾಲೇಜು ಆಟಗಾರರಲ್ಲೇ ಶ್ರೇಷ್ಠನೆನಿಸಿಕೊಂಡವನು. ಫ್ಲಾಯ್ಡ್ ಲೇನ್ ನ್ಯೂಯಾರ್ಕಿನ ಸಿಟಿ ಕಾಲೇಜಿನವನು. ಆ ಕಾಲೇಜು 1950ರಲ್ಲಿ ದೇಶದ ಎರಡೂ ದೊಡ್ಡ ಕಾಲೇಜು ಪ್ರಶಸ್ತಿಗಳನ್ನು ಒಂದೇ ವರ್ಷ ಗೆದ್ದಿತ್ತು. ಆ ಸಾಧನೆ ಇಂದಿಗೂ ಇನ್ನೊಂದು ಕಾಲೇಜಿಗೆ ಆಗಿಲ್ಲ. 1951ರಲ್ಲಿ ಇಬ್ಬರೂ ಬಂಧನಕ್ಕೊಳಗಾದರು. ಜೂಜುಕೋರರಿಂದ ಹಣ ಪಡೆದು ಗೆಲುವಿನ ಅಂತರವನ್ನು ಬೇಕೆಂದೇ ಕಡಿಮೆ ಮಾಡಿದರೆಂಬುದು ಆರೋಪ. ಪಂದ್ಯ ಸೋಲಬೇಕಾಗಿಲ್ಲ, ಹದಿನೈದರಲ್ಲಿ ಗೆಲ್ಲುವುದನ್ನು ಐದರಲ್ಲಿ ಗೆದ್ದರೆ ಸಾಕು. ಆಗ ಕಾಲೇಜು ಪಂದ್ಯಗಳಿಗೆ ಸಾವಿರಾರು ಜನ ದುಡ್ಡು ಕೊಟ್ಟು ಬರುತ್ತಿದ್ದರು. ಆಟಗಾರನಿಗೆ ಅದರಲ್ಲಿ ಪಾಲಿರಲಿಲ್ಲ. ವೈಟ್ ಎಂಟು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದ. ಆಗ ಅವನಿಗೆ 22 ವರ್ಷ. ಎನ್‌ಬಿಎ ಈ ಹಗರಣದ ಹುಡುಗರನ್ನು ಜೀವಮಾನಕ್ಕೆ ಹೊರಗಿಟ್ಟಿತು.

ಗಣಿ ಊರಿನ ಲೀಗ್ ಅವರನ್ನು ಕರೆದು ಆಡಿಸಿತು. ಅದರಲ್ಲಿ ದಯೆ ಎಷ್ಟು, ಟಿಕೆಟ್ ಮಾರಾಟದ ಲೆಕ್ಕ ಎಷ್ಟು ಎಂದು ತೂಗಿ ಹೇಳಲಾರೆ. ಎರಡೂ ಇದ್ದಿರಬೇಕು. ವೈಟ್ ಹಲವು ವರ್ಷ ಅಲ್ಲಿಯೇ ಆಡಿದ, ದೊಡ್ಡ ಲೀಗಿನ ಅಂಗಳವನ್ನು ಕೊನೆಗೂ ತುಳಿಯಲಿಲ್ಲ. ಲೇನ್ ನ್ಯೂಯಾರ್ಕಿನ ಬಡ ಬಡಾವಣೆಗಳ ಮಕ್ಕಳಿಗೆ ಆಟ ಕಲಿಸುತ್ತ ಬಂದರು. ಅವರ ಕೈಯಲ್ಲಿ ಬೆಳೆದ ನೇಟ್ ಆರ್ಚಿಬಾಲ್ಡ್ ಎನ್‌ಬಿಎಯ ಹೆಸರಾಂತ ಆಟಗಾರರಾದರು. ಮುಂದೆ ಸಿಟಿ ಕಾಲೇಜು, ಅವರು ಬಂಧನಕ್ಕೊಳಗಾದಾಗ ಓದುತ್ತಿದ್ದ ಅದೇ ಕಾಲೇಜು, ಲೇನ್ ಅವರನ್ನು ಕೋಚ್ ಆಗಿ ನೇಮಿಸಿಕೊಂಡಿತು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಒಂದು ವರ್ಷ ಬೇರೊಂದು ಊರಿನ ಪರೀಕ್ಷಾ ಕೇಂದ್ರದಲ್ಲಿ ನಾನು ಕೊಠಡಿ ಮೇಲ್ವಿಚಾರಕನಾಗಿದ್ದೆ. ಎಸ್.ಎಸ್.ಎಲ್.ಸಿ. ಹುಡುಗನೊಬ್ಬನನ್ನು ಚೀಟಿ ಸಮೇತ ಹಿಡಿದುಕೊಟ್ಟೆ. ಅದು ನನ್ನ ಕರ್ತವ್ಯ, ಅದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಅವನು ಮತ್ತೆ ಪರೀಕ್ಷೆಗೆ ಕೂರಲಿಲ್ಲ ಎಂದು ಆಮೇಲೆ ತಿಳಿಯಿತು. ಕೂರುವ ಅವಕಾಶ ನಿಯಮದಲ್ಲಿತ್ತು. ಅವನ ಮನೆಗೆ ಹೋಗಿ ಅದನ್ನು ಹೇಳಿ ಬರುವ ಕೆಲಸವನ್ನು ಯಾರೂ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಲೀಗಿನ ಕಥೆಗೆ ಮರಳುತ್ತೇನೆ. ದೂರದಿಂದ ಬುಟ್ಟಿಗೆ ಹಾಕಿದರೆ ಮೂರು ಪಾಯಿಂಟ್ ಎಂಬ ನಿಯಮ ನಮಗೆಲ್ಲ ಗೊತ್ತು. ಅದನ್ನು 1961ರಲ್ಲಿ ತಂದ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗ್ ಒಂದೂವರೆ ಹಂಗಾಮಿನಲ್ಲಿ ಮುಚ್ಚಿಹೋಯಿತು. ನಿಯಮವೂ ಅದರ ಜೊತೆ ಹೋಗಬೇಕಿತ್ತು. ಅದನ್ನು ಎತ್ತಿಕೊಂಡು ಉಳಿಸಿದ್ದು ಈ ಈಸ್ಟರ್ನ್ ಲೀಗ್. ಎನ್‌ಬಿಎ ಒಪ್ಪಿದ್ದು 1979ರಲ್ಲಿ, ಅಂತರರಾಷ್ಟ್ರೀಯ ಸಂಸ್ಥೆ ಫೀಬಾ 1984ರಲ್ಲಿ. ನಮ್ಮ ಶಾಲೆಗೆ ಆ ಗೆರೆ ಬರುವ ಹೊತ್ತಿಗೆ ನಾನು ಇಲ್ಲಿ ಮೇಷ್ಟ್ರಾಗಿದ್ದೆ. ಪಿ.ಟಿ. ಮೇಷ್ಟ್ರು ನನ್ನನ್ನು ಬುಟ್ಟಿಯ ಕೆಳಗೆ ಕೂರಿಸಿ ಹಗ್ಗದ ತುದಿ ಹಿಡಿಸಿ, 6.25 ಮೀಟರ್ ಅಳೆದು, ಸುಣ್ಣದಲ್ಲಿ ಅರ್ಧಚಂದ್ರ ಎಳೆದರು. ಒಂದು ಮಳೆಗೆ ಅಳಿಸಿಹೋಯಿತು, ಅದು ಬೇರೆ ಮಾತು.

ಅಷ್ಟರಲ್ಲಿ ಕಲ್ಲಿದ್ದಲ ಊರುಗಳು ಸೊರಗಿದ್ದವು. 1959ರ ಜನವರಿ 22ರಂದು ಸಸ್ಕ್ವೆಹಾನ ನದಿ ನಾಕ್ಸ್ ಗಣಿಯೊಳಗೆ ನುಗ್ಗಿ 12 ಮಂದಿ ಸತ್ತರು. ಆ ಭಾಗದ ಆಳದ ಗಣಿಗಾರಿಕೆ ಅಲ್ಲಿಗೆ ಮುಗಿದಂತೆಯೇ. ಲೀಗ್ ಮಾತ್ರ ಬೇರೆ ಊರುಗಳತ್ತ ಹರಡಿ, 1978ರಲ್ಲಿ ಕಾಂಟಿನೆಂಟಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಸಿಬಿಎ, ಎಂದು ಹೆಸರು ಬದಲಿಸಿಕೊಂಡಿತು. ಮುಂದೆ ಕೋಚ್ ಆಗಿ ಎನ್‌ಬಿಎಯಲ್ಲಿ 11 ಬಾರಿ ಪ್ರಶಸ್ತಿ ಗೆಲ್ಲಿಸಿದ ಫಿಲ್ ಜಾಕ್ಸನ್ 1984ರಲ್ಲಿ ಕೋಚ್ ಆಗಿ ತಮ್ಮ ಮೊದಲ ಪ್ರಶಸ್ತಿ ಗೆದ್ದದ್ದು ಸಿಬಿಎಯ ಆಲ್ಬನಿ ತಂಡದೊಂದಿಗೆ.

ಸಿಬಿಎಯ ಅಂಕಪಟ್ಟಿಯೂ ವಿಚಿತ್ರ. ಒಂದು ಪಂದ್ಯಕ್ಕೆ ಏಳು ಪಾಯಿಂಟ್. ಗೆದ್ದವರಿಗೆ ಮೂರು. ಉಳಿದ ನಾಲ್ಕು ಪಂದ್ಯದ ನಾಲ್ಕು ಕ್ವಾರ್ಟರ್‌ಗಳಿಗೆ: ಯಾವ ಕ್ವಾರ್ಟರಿನಲ್ಲಿ ಯಾರು ಹೆಚ್ಚು ಗಳಿಸಿದರೋ ಅವರಿಗೆ ಒಂದು, ಸಮವಾದರೆ ಅರ್ಧರ್ಧ. ಮೂವತ್ತು ಪಾಯಿಂಟ್ ಹಿಂದೆ ಬಿದ್ದ ತಂಡಕ್ಕೂ ಕೊನೆಯ ಹತ್ತು ನಿಮಿಷ ಓಡಲು ಒಂದು ಕಾರಣ ಉಳಿಯುತ್ತಿತ್ತು.

1999ರಲ್ಲಿ ಎನ್‌ಬಿಎಯ ಮಾಜಿ ಆಟಗಾರ ಐಸಾಯ ಥಾಮಸ್ ಇಡೀ ಲೀಗನ್ನೇ ಕೊಂಡುಕೊಂಡರು. 2001ರ ಫೆಬ್ರವರಿಯಲ್ಲಿ ಹಂಗಾಮಿನ ನಡುವೆಯೇ ಅದು ನಿಂತಿತು. ಅದೇ ಫೆಬ್ರವರಿಯ 28ರಂದು ನಮ್ಮ ಕೆ.ಜಿ.ಎಫ್. ಗಣಿಗಳೂ ಮುಚ್ಚಿದವು. ಒಂದಕ್ಕೊಂದು ಸಂಬಂಧವಿಲ್ಲ, ಆದರೂ ತಾರೀಖು ಓದಿದಾಗ ಸ್ವಲ್ಪ ಹೊತ್ತು ಪುಸ್ತಕ ಮಡಿಸಿಟ್ಟೆ. ಸಿಬಿಎ ಮತ್ತೆ ತಲೆಯೆತ್ತಿ 2009ರಲ್ಲಿ ಪೂರ್ತಿ ನಿಂತಿತು. ಅದರ ಜಾಗದಲ್ಲಿ ಎನ್‌ಬಿಎ ತನ್ನದೇ ಎರಡನೇ ಸ್ತರದ ಲೀಗ್ ಕಟ್ಟಿಕೊಂಡಿದೆ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಂ ಸಿಂಗ್ 2015ರಲ್ಲಿ ಎನ್‌ಬಿಎ ತಂಡಕ್ಕೆ ಆಯ್ಕೆಯಾದ ಮೊದಲ ಭಾರತೀಯ. ಅವರು ಆಡಿದ್ದು ಆ ಎರಡನೇ ಲೀಗಿನಲ್ಲೇ.

ಈ ಸಲ ಸುವರ್ಣ ಮಹೋತ್ಸವದ ಕ್ರೀಡಾಕೂಟಕ್ಕೆ ಅಂಕ ಬರೆಯಲು ನನ್ನನ್ನು ಕೂರಿಸಿದ್ದರು. ಈಗಿನ ಪಿ.ಟಿ. ಮೇಡಂ ಅವರನ್ನು ಒಪ್ಪಿಸಿ ಏಳು ಪಾಯಿಂಟಿನ ಲೆಕ್ಕವನ್ನೇ ಇಟ್ಟೆವು. ಒಂಬತ್ತನೇ ತರಗತಿಯವರು ಹತ್ತನೆಯವರ ಮುಂದೆ ಮೊದಲರ್ಧದಲ್ಲೇ ಸೋತಿದ್ದರು. ಆದರೂ ಕೊನೆಯ ಸೀಟಿಯವರೆಗೂ ಒಬ್ಬರೂ ಕಾಲು ಎಳೆಯಲಿಲ್ಲ. ಪಂದ್ಯ ಮುಗಿದು ಗೆದ್ದವರು ಕುಣಿಯುತ್ತಿದ್ದಾಗ, ಸೋತ ತಂಡದ ಚಿಕ್ಕ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದು ಹಾಳೆಯೊಳಗೆ ಇಣುಕಿದ. "ಮೂರನೇ ಕ್ವಾರ್ಟರ್ ಸಮ ಆಯ್ತಲ್ಲ ಸಾರ್, ನಮ್ಮ ಅರ್ಧ ಪಾಯಿಂಟ್ ಬರ್ಕೊಂಡ್ರಾ?" ಎಂದ.