ಯಾವ ಅಂಕಕ್ಕೆ ಎಷ್ಟು ಅಂಕ

ನಮ್ಮೂರು ತೆರಕಣಾಂಬಿಯಲ್ಲಿ ಕುರುಕ್ಷೇತ್ರ ಕಲಿಯುತ್ತಿದ್ದುದು ಸುಗ್ಗಿ ಮುಗಿದ ಮೇಲೆ. ಹಾರ್ಮೋನಿಯಂ ಮೇಷ್ಟ್ರು ಎರಡು ತಿಂಗಳು ಊರಲ್ಲೇ ಉಳಿಯುತ್ತಿದ್ದರು, ದಿನಕ್ಕೊಬ್ಬರ ಮನೆಯಲ್ಲಿ ಊಟ. ನಮ್ಮಪ್ಪನದು ಭೀಮನ ಪಾರ್ಟು. ಒಂದು ರಾತ್ರಿ ತಾಲೀಮು ನಡೆಯುವಾಗ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ತಾತನೊಬ್ಬ, "ಮಾತು ಕೂತದ, ಕಾಲಿನ್ನೂ ಕೂತಿಲ್ಲ ಕಣಪ್ಪ" ಅಂದ. ಆ ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ಅಪ್ಪ ಮಾತ್ರ ಮರುದಿನದಿಂದ ಗದೆಯ ಬದಲು ಒನಕೆ ಹೆಗಲಿಗಿಟ್ಟು ಹಿತ್ತಲಲ್ಲಿ ಹೆಜ್ಜೆ ಕಲಿಯತೊಡಗಿದ.

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ನಾಟಕದ ಅಧ್ಯಾಪಕನಾದೆ. ಅಷ್ಟು ಖಚಿತವಾದ ಮೌಲ್ಯಮಾಪನವನ್ನು ಅಲ್ಲಿ ಕಂಡದ್ದು ಬಹಳ ಕಡಿಮೆ.

ತೆರಕಣಾಂಬಿ ಹಳೆಯ ಊರು. ಹದಿನೈದನೆಯ ಶತಮಾನದಲ್ಲಿ 'ಸನತ್ಕುಮಾರ ಚರಿತೆ' ಬರೆದ ಜೈನಕವಿ ಬೊಮ್ಮರಸ ತನ್ನ ಹೆಸರಿನ ಮುಂದೆ ಇಟ್ಟುಕೊಂಡದ್ದು ಈ ಊರಿನ ಹೆಸರನ್ನೇ. ರಣಧೀರ ಕಂಠೀರವ ನರಸರಾಜರು ಮೈಸೂರಿನ ಅರಸರಾಗುವ ಮೊದಲು ಇದ್ದದ್ದೂ ಇಲ್ಲಿಯೇ. ಇಮ್ಮಡಿ ರಾಜ ಒಡೆಯರನ್ನು ದಳವಾಯಿ ವಿಕ್ರಮರಾಯ ವಿಷವಿಟ್ಟು ಕೊಲ್ಲಿಸಿದ ಮೇಲೆ, 1638ರಲ್ಲಿ ಸಿಂಹಾಸನಕ್ಕೆ ಕರೆ ಬಂತು. ಕೈಗೊಂಬೆಯಾಗುತ್ತಾರೆಂದು ದಳವಾಯಿ ಎಣಿಸಿದ್ದ ಅರಸರು ಅವನನ್ನೇ ಮುಗಿಸಿದರು.

ಈ ಕತೆಯನ್ನು ರಂಗಕ್ಕೆ ತಂದವರು ಸಂಸ. ನಿಜನಾಮ ಎ.ಎನ್. ಸ್ವಾಮಿ ವೆಂಕಟಾದ್ರಿ ಅಯ್ಯರ್. 1898ರಲ್ಲಿ ಹುಟ್ಟಿದ್ದು ನಮ್ಮದೇ ಸೀಮೆಯ ಯಳಂದೂರಿನ ಬಳಿಯ ಅಗರದಲ್ಲಿ. ಮೈಸೂರು ಅರಸರ ಚರಿತ್ರೆಯನ್ನು ಸಾಲುಸಾಲಾಗಿ ನಾಟಕ ಮಾಡಲು ಹೊರಟ ಅವರು ಆ ಕಾಲಕ್ಕೆ ಒಪ್ಪುವ ಹಳೆಯ ನುಡಿಯನ್ನೇ ಕಟ್ಟಿಕೊಂಡರು. 'ವಿಗಡ ವಿಕ್ರಮರಾಯ', 'ಬೆಟ್ಟದ ಅರಸು', 'ಬಿರುದಂತೆಂಬರ ಗಂಡ' ಓದಿದವರಿಗೆ ಗೊತ್ತು, ಅಲ್ಲಿ ಸಂಶೋಧನೆ ಎಲ್ಲಿ ಮುಗಿಯಿತು, ಕಲ್ಪನೆ ಎಲ್ಲಿ ತೊಡಗಿತು ಎಂದು ಗೆರೆ ಎಳೆಯಲಾಗದು. ಪದವಿಯಾಗಲಿ ಪೀಠವಾಗಲಿ ಅವರಿಗಿರಲಿಲ್ಲ. ಬಡತನದಲ್ಲಿ, ತಮ್ಮನ್ನು ಯಾರೋ ಹಿಂಬಾಲಿಸುತ್ತಿದ್ದಾರೆಂಬ ಭಯದಲ್ಲಿ ನವೆದು 1939ರಲ್ಲಿ ತಾವೇ ಜೀವ ಬಿಟ್ಟರು. ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲು ರಂಗಮಂದಿರಕ್ಕೆ ಇಂದು ಅವರ ಹೆಸರಿದೆ.

ಅದೇ ಕಾಲದಲ್ಲಿ ವಿಶ್ವವಿದ್ಯಾಲಯದ ಒಳಗಿದ್ದವರು ಬಿ.ಎಂ. ಶ್ರೀಕಂಠಯ್ಯನವರು. ಇಂಗ್ಲಿಷ್ ಕಲಿಸುತ್ತಿದ್ದ ಅವರು ರನ್ನನ ಕಾವ್ಯವನ್ನು 1926ರಲ್ಲಿ 'ಗದಾಯುದ್ಧ ನಾಟಕಂ' ಮಾಡಿದರು. 1929ರಲ್ಲಿ ಸೊಫೊಕ್ಲಿಸನ ಏಜಾಕ್ಸನನ್ನು 'ಅಶ್ವತ್ಥಾಮನ್' ಆಗಿ ತಂದರು. ರನ್ನನ ಕಾವ್ಯದೊಳಗೆ ನಾಟಕ ಅಡಗಿದೆ ಎಂಬುದನ್ನು ನೂರು ಪುಟದ ಪ್ರಬಂಧದಲ್ಲಿ ವಾದಿಸಬಹುದಿತ್ತು. ಅವರು ಅದನ್ನು ನಾಟಕ ಮಾಡಿಯೇ ತೋರಿಸಿದರು. ಇದು ವಿದ್ವತ್ತೋ ಸೃಜನವೋ ಎಂದು ಕೇಳುವ ಪಟ್ಟಿ ಆಗ ಇರಲಿಲ್ಲ.

ಪಟ್ಟಿ ಬಂದದ್ದು ನಮ್ಮ ಕಾಲದಲ್ಲಿ. 2010ರ ಯುಜಿಸಿ ನಿಯಮಗಳು ಅಧ್ಯಾಪಕನ ಕೆಲಸವನ್ನು ಅಂಕಗಳಲ್ಲಿ ಎಣಿಸಿದವು, 2018ರಲ್ಲಿ ಅವು ಬದಲಾದವು. ನಾಟಕಕ್ಕೆ ಸಹಾಯಕ ಪ್ರಾಧ್ಯಾಪಕನನ್ನು ನೇಮಿಸುವಾಗ ಈ ನಿಯಮ ಉದಾರವಾಗಿಯೇ ಇದೆ. ರಾಷ್ಟ್ರೀಯ ನಾಟಕ ಶಾಲೆಯಂಥ ಕಡೆ ಕಲಿತ, ಐದು ವರ್ಷ ರಂಗದಲ್ಲಿ ಹೆಸರು ಮಾಡಿದ ಕಲಾವಿದ ಪುರಾವೆ ಕೊಟ್ಟು ಒಳಗೆ ಬರಬಹುದು. ಒಳಗೆ ಬಂದ ಮೇಲೆ ಲೆಕ್ಕ ಬೇರೆ. ಸಂಶೋಧನಾ ಅಂಕಗಳ ಕೋಷ್ಟಕದಲ್ಲಿ ನಮ್ಮಂಥ ವಿಷಯಗಳಲ್ಲಿ ಒಂದು ಲೇಖನಕ್ಕೆ 10, ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10, ಅನುವಾದಿಸಿದ ಪುಸ್ತಕಕ್ಕೆ 8. ಕಟ್ಟಿ ಆಡಿಸಿದ ನಾಟಕಕ್ಕೆ ಅಲ್ಲಿ ಒಂದು ಸಾಲೂ ಇಲ್ಲ. ಯಾವ ಕಸುಬನ್ನು ನೋಡಿ ಕೆಲಸ ಕೊಟ್ಟರೋ ಆ ಕಸುಬು ಬಡ್ತಿಯ ಹೊತ್ತಿಗೆ ಲೆಕ್ಕಕ್ಕಿಲ್ಲ. ಇದು ತಪ್ಪು.

ನನ್ನ ಅನುಭವವನ್ನೇ ಹೇಳುತ್ತೇನೆ. 'ವಿಗಡ ವಿಕ್ರಮರಾಯ'ವನ್ನು ವಿದ್ಯಾರ್ಥಿಗಳಿಗೆ ಆಡಿಸಲು ಆರು ತಿಂಗಳು ಹಿಡಿಯಿತು. ಸಂಸರ ವಾಕ್ಯ ಉದ್ದ, ಸಮಾಸಗಳು ಬಿಗಿ. ಹುಡುಗರು ಬಾಯಿಪಾಠ ಒಪ್ಪಿಸುತ್ತಿದ್ದರು, ಅರ್ಧಕ್ಕೇ ಉಸಿರು ಕಟ್ಟುತ್ತಿತ್ತು. ಅವರಲ್ಲೊಬ್ಬ ಗುಂಡ್ಲುಪೇಟೆ ಕಡೆಯ ನೀಲಗಾರರ ಮನೆಯವನು, ತಂದೆ ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡುವವರು. ಒಂದು ಸಂಜೆ ಅವನು ದಳವಾಯಿಯ ಮಾತನ್ನು ತಂದೆ ಕತೆ ನಡೆಸುವ ಧಾಟಿಯಲ್ಲಿ ಹೇಳಿದ. ಹಿಂದಿನವರು ಸೊಲ್ಲು ಎತ್ತಿಕೊಳ್ಳುವ ಜಾಗದಲ್ಲೆಲ್ಲ ಉಸಿರು ತೆಗೆದುಕೊಂಡ. ವಾಕ್ಯ ಸಡಿಲವಾಯಿತು, ಅರ್ಥ ಕಿವಿಗೆ ಬಂತು. ಪುಸ್ತಕದ ಭಾಷೆ ಎಂದು ನಾವು ಬದಿಗಿಟ್ಟಿದ್ದ ನುಡಿಗೆ ಈ ಸೀಮೆಯ ಬಾಯಿಯ ಲಯ ಹೊಂದಿತು. ಸಂಸರು ಅದನ್ನು ನೆನೆದೇ ಬರೆದರೆಂದು ನಾನು ಸಾಧಿಸಲಾರೆ. ಆದರೆ ಆ ನುಡಿಯನ್ನು ಹೀಗೆ ಆಡಲು ಬರುತ್ತದೆ ಎಂಬುದು ತಿಳಿದದ್ದು ತಾಲೀಮಿನ ಕೋಣೆಯಲ್ಲಿ, ಗ್ರಂಥಾಲಯದಲ್ಲಿ ಅಲ್ಲ.

ಪ್ರಾಂಪ್ಟ್ ಪ್ರತಿ, ಉಸಿರಿನ ಗುರುತು ಹಾಕಿದ ಸಂಭಾಷಣೆ, ದಿನದಿನದ ತಾಲೀಮಿನ ಟಿಪ್ಪಣಿ, ಎಲ್ಲವನ್ನೂ ನನ್ನ ಬಡ್ತಿಯ ಕಡತಕ್ಕೆ ಸೇರಿಸಿ ಕೊಟ್ಟೆ. ಸಮಿತಿಯವರು ಕೇಳಿದ್ದು ಐಎಸ್‌ಎಸ್‌ಎನ್ ಸಂಖ್ಯೆ. ನಾಟಕ ನೋಡಿದ್ದೀರಾ ಎಂದು ನಾನು ಕೇಳಿದೆ. ಯಾರೂ ನೋಡಿರಲಿಲ್ಲ. ಆಮೇಲೆ ಅದೇ ಪ್ರಯೋಗದ ಮೇಲೆ ಎಂಟು ಪುಟದ ಲೇಖನ ಬರೆದೆ, ಅದಕ್ಕೆ 10 ಅಂಕ ಬಂತು. ತಂಬೂರಿಯ ಮನೆಯಿಂದ ಬಂದ ಹುಡುಗನ ಉಸಿರು ಅದರಲ್ಲಿ ಒಂದು ಅಡಿಟಿಪ್ಪಣಿ.

ಆಡಿಸಿದ್ದೆಲ್ಲ ವಿದ್ವತ್ತು ಎಂದು ನಾನು ಹೇಳುವುದಿಲ್ಲ. ವಾರ್ಷಿಕೋತ್ಸವಕ್ಕೆ ಅದದೇ ನಗೆನಾಟಕ ಮಾಡಿ ಅಂಕ ಕೇಳುವವರನ್ನು ಕಂಡಿದ್ದೇನೆ, ಅವರಿಗೆ ಕೊಡಬಾರದು. ಪ್ರಯೋಗ ಒಂದು ಪ್ರಶ್ನೆಯಿಂದ ಹೊರಟಿತೇ, ತಾಲೀಮಿನಲ್ಲಿ ಏನು ಗೊತ್ತಾಯಿತು, ಗೊತ್ತಾದದ್ದು ರಂಗದ ಮೇಲೆ ಕಂಡಿತೇ, ಇಷ್ಟನ್ನು ಬಲ್ಲವರು ನೋಡಿ ತೂಗಬಹುದು. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ತಮ್ಮ ಸಂಶೋಧನೆಯ ಮೌಲ್ಯಮಾಪನಕ್ಕೆ ಪ್ರಯೋಗವನ್ನೇ ದಾಖಲೆಗಳೊಂದಿಗೆ ಸಲ್ಲಿಸುತ್ತವೆ. ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ, ಜಗಲಿಯ ಮೇಲಿನ ತಾತ ಮಾಡಿದ್ದು ಅದನ್ನೇ. ಅವನು ತಾಲೀಮಿಗೆ ಬಂದಿದ್ದ, ಎರಡು ಕಣ್ಣಿಂದ ನೋಡಿದ್ದ.

ಸಂಸರು 23 ನಾಟಕ ಬರೆದರೆಂದು ಹೇಳುತ್ತಾರೆ, ನಮಗೆ ಉಳಿದವು ಆರು. ಬರೆದದ್ದೇ ಹೀಗೆ ಕಳೆದುಹೋಗುವ ನಾಡಿನಲ್ಲಿ ಆಡಿದ್ದು ತಾನಾಗಿ ಉಳಿಯುವುದಿಲ್ಲ. ನಾಟಕ ವಿಭಾಗದವರ ಬಡ್ತಿಗೆ ಸಮಿತಿ ಕೂರಿಸುವ ಕುಲಪತಿಗಳಲ್ಲಿ ನನ್ನ ಕೋರಿಕೆ ಇದು: ಕಡತ ಬರುವವರೆಗೆ ಕಾಯಬೇಡಿ. ರಂಗ ಬಲ್ಲವರೊಬ್ಬರನ್ನು, ಚರಿತ್ರೆ ಬಲ್ಲವರೊಬ್ಬರನ್ನು ಪ್ರಯೋಗದ ದಿನವೇ ಕಳಿಸಿ. ಅವರು ಕಂಡದ್ದನ್ನು ಅದೇ ವಾರ ಬರೆಸಿ, ಆ ಬರಹವನ್ನೂ ಪ್ರಾಂಪ್ಟ್ ಪ್ರತಿಯನ್ನೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಡಿಸಿ.